ಅಡಿಕೆ ಅಂಗಡಿಯ ಸಾಫ್ಟ್‌ವೇರಿಗೆ ಎಐ: ಜೋಡಣೆ ಸುಲಭ, ಹೊಣೆ ಯಾರದು?

ಶಿರಸಿ ಪೇಟೆಯಲ್ಲಿ ಕಂಪ್ಯೂಟರ್ ಕೆಲಸ ಮಾಡಿಕೊಡುವವರಿಗೆ ಈಗ ಎಲ್ಲಿ ಹೋದರೂ ಒಂದೇ ಪ್ರಶ್ನೆ: "ತಮಾ, ಎಂಗಳ ಸಾಫ್ಟ್‌ವೇರಿಗೂ ಎಐ ಹಾಕಲೆ ಬತ್ತಾ?" ಬರುತ್ತದೆ. ರೆಡಿಮೇಡ್ ಕಾಂಪೊನೆಂಟ್ (ಬೇರೆಯವರು ಬರೆದಿಟ್ಟ, ನಮ್ಮ ಪ್ರೋಗ್ರಾಮಿಗೆ ಸಿಕ್ಕಿಸಿಕೊಳ್ಳುವ ಸಿದ್ಧ ಭಾಗ) ತಂದು ಜೋಡಿಸಿದರೆ ಒಂದು ಮಧ್ಯಾಹ್ನದೊಳಗೆ ಪರದೆಯ ಮೇಲೆ ಉತ್ತರ ಬರುವಂತೆ ಮಾಡಬಹುದು. ಅಂಗಡಿ ಯಜಮಾನರಿಗೆ ಖುಷಿ, ಮಾಡಿಕೊಟ್ಟವರಿಗೆ ದುಡ್ಡು. ನನ್ನ ಆತಂಕ ಇರುವುದೂ ಅಲ್ಲೇ. ಕಾಂಪೊನೆಂಟ್ ಮಾಡಿಕೊಡುವುದು ಜೋಡಣೆ ಮಾತ್ರ. ರೈತರ ಲೆಕ್ಕ ಎಲ್ಲಿಗೆ ಹೋಗುತ್ತದೆ, ಉತ್ತರ ತಪ್ಪಾದರೆ ಯಾರು ಹಿಡಿಯುತ್ತಾರೆ, ನೆಟ್ ಇಲ್ಲದ ದಿನ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಅದು ತೀರ್ಮಾನಿಸುವುದಿಲ್ಲ. ನಾವೂ ತೀರ್ಮಾನಿಸದೇ ಬಿಟ್ಟರೆ ಅದರ ಡೀಫಾಲ್ಟ್ ಸೆಟ್ಟಿಂಗೇ ನಮ್ಮ ತೀರ್ಮಾನ ಆಗಿಬಿಡುತ್ತದೆ.

ನಮ್ಮಲ್ಲಿರುವ ಸಾಫ್ಟ್‌ವೇರ್ ಎಂಥದ್ದು ಎಂದು ಮೊದಲು ನೋಡೋಣ. ಶಿರಸಿಯ ದಲಾಲಿ ಅಂಗಡಿ, ಕುಮಟೆಯ ಲಾರಿ ಆಫೀಸು, ಕಾರವಾರದ ಮೀನು ವ್ಯಾಪಾರಿ, ಹಳ್ಳಿಯ ಸಣ್ಣ ಸಂಘ. ಇಂಥ ಕಡೆ ಊರಿನವರೇ ಯಾರೋ ಬರೆದುಕೊಟ್ಟ ವಿಂಡೋಸ್ ಪ್ರೋಗ್ರಾಮ್‌ಗಳು ಇನ್ನೂ ಓಡುತ್ತಿವೆ. ಬರೆದ ಸಾಧನಗಳು ಬೇರೆ ಬೇರೆ: ಕೆಲವು ಫಾಕ್ಸ್‌ಪ್ರೋದವು, ಕೆಲವು ವಿಬಿ 6 (ವಿಷುವಲ್ ಬೇಸಿಕ್), ಕೆಲವು ಡೆಲ್ಫಿ, ಆಮೇಲೆ ಬಂದವು ಡಾಟ್‌ನೆಟ್. ವಿಬಿ 6 ಬಂದದ್ದು 1998ರಲ್ಲಿ. ಅದರಲ್ಲಿ ಪ್ರೋಗ್ರಾಮ್ ಬರೆಯುವ ಸಾಧನಕ್ಕೆ ಮೈಕ್ರೋಸಾಫ್ಟ್ 2008ರ ಏಪ್ರಿಲ್‌ನಲ್ಲೇ ಬೆಂಬಲ ನಿಲ್ಲಿಸಿತು. ಆದರೂ ಆಗ ಬರೆದ ಪ್ರೋಗ್ರಾಮ್‌ಗಳು ವಿಂಡೋಸ್ 11ರಲ್ಲೂ ನಡೆಯುತ್ತವೆ.

ಇದನ್ನು ಹಳೆ ಕಾಲದ ಸಾಮಾನು ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಡಿಕೆ ಟೆಂಡರ್ ಮುಗಿದು ರೈತರು ಕೌಂಟರ್ ಎದುರು ನಿಂತಿರುತ್ತಾರೆ. ಅಡಿಕೆಯ ತರಗತಿಗಳಲ್ಲಿ ರಾಶಿಗೆ ಒಂದು ದರ, ಚಾಲಿಗೆ ಒಂದು, ಬೆಟ್ಟೆ, ಕೆಂಪುಗೋಟು, ಬಿಳಿಗೋಟಿಗೆ ಬೇರೆ ಬೇರೆ. ತೂಕಕ್ಕೆ ದರ ಹಾಕಿ, ಹಿಂದಿನ ಮುಂಗಡ ಕಳೆದು, ಪಟ್ಟಿ ತೆಗೆದು ಕೈಗೆ ಕೊಡಬೇಕು. ಈ ಕೆಲಸವನ್ನು ಆ ಹಳೆ ಪ್ರೋಗ್ರಾಮ್ ಕಣ್ಣು ಮಿಟುಕಿಸುವಷ್ಟರಲ್ಲಿ, ಪ್ರತಿ ಸಲವೂ ಒಂದೇ ಥರ ಮಾಡುತ್ತದೆ. ಈ "ಪ್ರತಿ ಸಲವೂ ಒಂದೇ ಥರ" ಎನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಚಾಟ್‌ಜಿಪಿಟಿಯಂಥ ಭಾಷಾ ಮಾಡೆಲ್‌ಗಳ ಸ್ವಭಾವ ಹಾಗಿಲ್ಲ. ಅದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಎರಡು ಥರ ಉತ್ತರ ಬರಬಹುದು.

ಕಾಂಪೊನೆಂಟ್ ಎಂಬುದು ನಮ್ಮ ಪ್ರೋಗ್ರಾಮರುಗಳಿಗೆ ಹೊಸತಲ್ಲ. 1995ರಲ್ಲಿ ಡೆಲ್ಫಿ ಬಂದಾಗಿನಿಂದಲೂ ಇದೇ ರೂಢಿ. ಪಟ್ಟಿಯಿಂದ ಒಂದು ಐಕಾನ್ ಎಳೆದು ಫಾರ್ಮ್ ಮೇಲೆ ಬಿಡುವುದು, ಎರಡು ಮೂರು ಸೆಟ್ಟಿಂಗ್ ತುಂಬುವುದು, ಕೆಲಸ ಶುರು. ಗ್ರಿಡ್, ಕ್ಯಾಲೆಂಡರ್, ಬಾರ್‌ಕೋಡ್, ರಿಪೋರ್ಟ್ ಎಲ್ಲ ಹೀಗೇ ಬಂದವು. ಈಗ ಎಐ ಕೂಡ ಅದೇ ದಾರಿಯಲ್ಲಿ ಬರುತ್ತಿದೆ. ಡೆಲ್ಫಿ ಮಾರುವ ಎಂಬಾರ್ಕಡೆರೊ ಕಂಪನಿ ಸ್ಮಾರ್ಟ್‌ಕೋರ್ ಎಂಬ ಎಐ ಕಾಂಪೊನೆಂಟ್‌ಗಳ ಕಟ್ಟು ಕೊಡುತ್ತಿದೆ. ಬೆಲ್ಜಿಯಂನ ಟಿಎಂಎಸ್ ಕಂಪನಿಯದು (ನಮ್ಮ ಶಿರಸಿಯ ಸಹಕಾರಿ ಸಂಘ ಟಿಎಂಎಸ್ ಅಲ್ಲ) ಎಐ ಸ್ಟುಡಿಯೋ ಎಂಬುದಿದೆ. ಡಾಟ್‌ನೆಟ್‌ನವರಿಗೆ ಮೈಕ್ರೋಸಾಫ್ಟೇ ಎಕ್ಸ್‌ಟೆನ್ಷನ್ಸ್ ಎಐ ಎಂಬ ಕೋಡ್ ಲೈಬ್ರರಿಯನ್ನು 2025ರಲ್ಲಿ ಪೂರ್ಣ ರೂಪದಲ್ಲಿ ಬಿಟ್ಟಿತು. ಸಿಂಕ್‌ಫ್ಯೂಷನ್, ಡೆವ್‌ಎಕ್ಸ್‌ಪ್ರೆಸ್, ಟೆಲೆರಿಕ್‌ ಎಂಬ ಕಾಂಪೊನೆಂಟ್ ಕಂಪನಿಗಳವರೂ ತಮ್ಮ ಕಂಟ್ರೋಲ್‌ಗಳಲ್ಲಿ (ಪರದೆಯ ಮೇಲಿನ ಗ್ರಿಡ್, ಟೆಕ್ಸ್ಟ್‌ಬಾಕ್ಸ್‌ನಂಥ ಭಾಗಗಳಲ್ಲಿ) ಎಐ ಸೇರಿಸುತ್ತಿದ್ದಾರೆ.

ಇವುಗಳ ಒಳಗೆ ನಡೆಯುವುದು ಸರಳ. ನೀವು ಕೊಟ್ಟ ಬರಹವನ್ನು ಕಾಂಪೊನೆಂಟ್ ಒಂದು ಸರ್ವರಿಗೆ ಕಳಿಸುತ್ತದೆ. ಉತ್ತರ ಬಂದಾಗ ನಿಮ್ಮ ಪ್ರೋಗ್ರಾಮಿಗೆ ತಿಳಿಸುತ್ತದೆ. ಅಷ್ಟೇ. ಕಾಂಪೊನೆಂಟ್‌ನೊಳಗೆ ಬುದ್ಧಿ ಇಲ್ಲ, ಬುದ್ಧಿ ಇರುವುದು ತಂತಿಯ ಆಚೆ ತುದಿಯಲ್ಲಿ. ಒಳ್ಳೆಯ ಕಾಂಪೊನೆಂಟ್‌ನ ನಿಜವಾದ ಲಾಭ ಬೇರೆ ಇದೆ. ಆಚೆ ತುದಿಯಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ಇರಲಿ, ಗೂಗಲ್‌ನ ಜೆಮಿನಿ ಇರಲಿ, ನಿಮ್ಮ ಅಂಗಡಿಯದೇ ಇನ್ನೊಂದು ಕಂಪ್ಯೂಟರ್ ಇರಲಿ, ಈಚೆ ಕಡೆಯ ಕೋಡ್ ಬದಲಿಸುವ ಕೆಲಸ ಬಹಳ ಕಡಿಮೆ. ಇದು ಎಷ್ಟು ಮುಖ್ಯ ಎನ್ನಲು ಒಂದೇ ಉದಾಹರಣೆ ಸಾಕು. ಓಪನ್‌ಎಐ ತನ್ನ ಡಾವಿಂಚಿ-003 ಮಾಡೆಲನ್ನು 2024ರ ಜನವರಿ 4ರಂದು ಬಂದ್ ಮಾಡಿತು. ಆ ಹೆಸರನ್ನು ಕೋಡ್‌ನೊಳಗೇ ಬರೆದಿಟ್ಟ ಪ್ರೋಗ್ರಾಮ್‌ಗಳಲ್ಲಿ ಆ ಸೌಲಭ್ಯ ಅವತ್ತಿಗೆ ನಿಂತಿತು. ನಮ್ಮಲ್ಲಿ ಒಂದು ಸಾಫ್ಟ್‌ವೇರ್ ಹಾಕಿದರೆ ಹದಿನೈದು ವರ್ಷ ಅದನ್ನು ಯಾರೂ ಬದಲಿಸಲು ಹೋಗುವುದಿಲ್ಲ. ಮಾಡೆಲ್‌ಗಳ ಆಯುಷ್ಯ ಅದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಮಾಡೆಲ್ ಹೆಸರು, ಸರ್ವರ್ ವಿಳಾಸ ಎರಡೂ ಸೆಟ್ಟಿಂಗ್ ಫೈಲಿನಲ್ಲಿರಬೇಕು. ಅಂಗಡಿಯವರು ಫೋನ್ ಮಾಡಿದರೆ ಅಲ್ಲಿಂದಲೇ ಬದಲಿಸಿಕೊಡುವಂತಿರಬೇಕು.

ಈಗ ನಮ್ಮಂಥ ಕಡೆ ಎದುರಾಗುವ ತೊಡಕಿಗೆ ಬರುತ್ತೇನೆ. ಇದನ್ನು ಯಾವ ಕಾಂಪೊನೆಂಟ್‌ನ ಕೈಪಿಡಿಯಲ್ಲೂ ಬರೆದಿರುವುದಿಲ್ಲ.

ನಮ್ಮ ಹಳೆ ಡೇಟಾಬೇಸುಗಳಲ್ಲಿ ಕನ್ನಡ ಇರುವುದು ಕನ್ನಡವಾಗಿ ಅಲ್ಲ. ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆ ಫಾಂಟ್‌ನಲ್ಲಿ "ಕನ್ನಡ" ಎಂದು ಟೈಪ್ ಮಾಡಿದ್ದನ್ನು ಫಾಂಟ್ ಬದಲಿಸಿ ನೋಡಿ. ಮೊದಲು ಇಂಗ್ಲಿಷಿನ ಪಿ, ಆಮೇಲೆ ತಲೆಯ ಮೇಲೆ ಗೆರೆ ಇರುವ ಎ, ನಡುವೆ ಬ್ರಿಟನ್ನಿನ ಪೌಂಡ್ ಗುರುತು, ಮತ್ತೊಂದು ಗೆರೆಯ ಎ, ಹೀಗೆ ಕಾಣುತ್ತದೆ. ಕಂಪ್ಯೂಟರಿನ ಮಟ್ಟಿಗೆ ಒಳಗಿರುವುದು ಅದೇ. ಫಾಂಟ್ ಅದರ ಮೇಲೆ ಕನ್ನಡದ ಆಕಾರ ತೋರಿಸುತ್ತಿತ್ತು, ಅಷ್ಟೆ. ಮನುಷ್ಯರು ಪರದೆಯಲ್ಲಿ, ಪ್ರಿಂಟ್‌ನಲ್ಲಿ ನೋಡುವಷ್ಟು ಕಾಲ ತೊಂದರೆ ಇರಲಿಲ್ಲ. ಎಐ ಮಾಡೆಲ್‌ಗೆ ಫಾಂಟ್ ಕಾಣುವುದಿಲ್ಲ. ಅದಕ್ಕೆ ಹೋಗುವುದು ಪಿ, ಎ, ಪೌಂಡ್.

ಇದರಲ್ಲಿ ಅಪಾಯದ ಭಾಗ ಯಾವುದೆಂದರೆ, ಅಂಕಿಗಳು ಮಾತ್ರ ಸರಿಯಾಗಿಯೇ ಹೋಗುತ್ತವೆ. ತೂಕ ಸರಿ, ದರ ಸರಿ, ತಾರೀಖು ಸರಿ. ಹೆಸರು, ಊರು, ಅಡಿಕೆಯ ತರಗತಿ ಮಾತ್ರ ಕಸ. ಮಾಡೆಲ್ ಅಲ್ಲಿಗೆ ನಿಲ್ಲುವುದೂ ಇಲ್ಲ. ಕೆಲವೊಮ್ಮೆ ಊಹೆ ಮಾಡಿ ಚಂದದ ಒಂದು ಹೆಸರು ಕೊಟ್ಟೇಬಿಡುತ್ತದೆ. ಕೂಡಿದ ಮೊತ್ತ ತಾಳೆಯಾದ್ದರಿಂದ ನೋಡಿದವರು ಹೆಸರೂ ಸರಿ ಇರಬೇಕು ಅಂದುಕೊಳ್ಳುತ್ತಾರೆ.

ಆದ್ದರಿಂದ ಮೊದಲ ಕೆಲಸ ಎಐ ಜೋಡಿಸುವುದಲ್ಲ, ಹಳೆ ಡೇಟಾವನ್ನು ಯುನಿಕೋಡ್‌ಗೆ (ಫಾಂಟ್ ಯಾವುದಿದ್ದರೂ ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಗುರುತಿಸುವ ವ್ಯವಸ್ಥೆಗೆ) ತರುವುದು. ಕನ್ವರ್ಟರ್‌ಗಳಿವೆ, ಪುಕ್ಕಟೆಯೂ ಸಿಗುತ್ತವೆ. ಆದರೆ ಪೂರ್ತಿ ನಂಬಿ ಕೈಬಿಡುವಂತಿಲ್ಲ. ಹಳೆ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಕೂರುತ್ತದೆ, ಯುನಿಕೋಡ್‌ನಲ್ಲಿ ರ ಮೊದಲು ಬರಬೇಕು. "ಕಾರ್ಯದರ್ಶಿ" ಎಂಬ ಒಂದು ಪದದಲ್ಲೇ ಎರಡು ಕಡೆ ಈ ಅದಲುಬದಲು ಆಗಬೇಕು. ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ ಥರ ಇರುವುದರಿಂದ ಅಲ್ಲೂ ಗೊಂದಲ. ಸದಸ್ಯರ ಪಟ್ಟಿಯನ್ನು ಪರಿವರ್ತನೆ ಮಾಡಿದ ಮೇಲೆ ಊರಿನವರನ್ನು ಬಲ್ಲ ಗುಮಾಸ್ತರೊಬ್ಬರು ಕೂತು ಓದಲೇಬೇಕು. ಬೇಸರದ ಕೆಲಸ, ನಿಜ. ಆದರೆ ಎಐ ಇಲ್ಲದಿದ್ದರೂ ಈ ಕೆಲಸ ಮಾಡಿದ್ದು ವ್ಯರ್ಥ ಆಗುವುದಿಲ್ಲ. ಹುಡುಕಾಟ, ಮೊಬೈಲಿಗೆ ಮೆಸೇಜ್, ಎಲ್ಲವೂ ಸರಿಹೋಗುತ್ತವೆ.

ಇನ್ನೂ ಒಂದು ಗಂಟು ಇದೆ. ಡೇಟಾ ಯುನಿಕೋಡ್ ಆಯಿತು, ಮಾಡೆಲ್ ಒಳ್ಳೆ ಕನ್ನಡದಲ್ಲಿ ಉತ್ತರವನ್ನೂ ಕೊಟ್ಟಿತು ಅನ್ನಿ. ವಿಬಿ 6ರ ಮಾಮೂಲಿ ಟೆಕ್ಸ್ಟ್‌ಬಾಕ್ಸ್ ಅದನ್ನು ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳಾಗಿ ತೋರಿಸುತ್ತದೆ. ಆ ಕಾಲದ ಕಂಟ್ರೋಲ್‌ಗಳಿಗೆ ಯುನಿಕೋಡ್ ಕನ್ನಡ ಗೊತ್ತಿಲ್ಲ. ಸಾಲದ್ದಕ್ಕೆ ವಿಬಿ 6 ತಯಾರಿಸುವುದು 32 ಬಿಟ್ ಪ್ರೋಗ್ರಾಮ್ ಮಾತ್ರ. ಅಂಥ ಪ್ರೋಗ್ರಾಮ್‌ಗೆ ಸಾಮಾನ್ಯವಾಗಿ ಸಿಗುವ ಮೆಮೊರಿ 2 ಜಿಬಿ. ಅದರೊಳಗೆ ಭಾಷಾ ಮಾಡೆಲ್ ತುರುಕಲು ಆಗುವುದಿಲ್ಲ. ವಿಂಡೋಸ್ 7ರ ಮೇಲೆ ಓಡುತ್ತಿದ್ದರೆ ಇಂದಿನ ಸರ್ವರ್‌ಗಳು ಕೇಳುವ ಟಿಎಲ್‌ಎಸ್ 1.2 ಸುರಕ್ಷಿತ ಸಂಪರ್ಕವೇ ತಾನಾಗಿ ಆಗುವುದಿಲ್ಲ, ಅದನ್ನು ಬೇರೆಯಾಗಿ ಚಾಲೂ ಮಾಡಬೇಕು.

ಇದಕ್ಕೆಲ್ಲ ನಾನು ಒಪ್ಪುವ ದಾರಿ ಒಂದೇ: ಹಳೆ ಪ್ರೋಗ್ರಾಮನ್ನು ಮುಟ್ಟದೆ, ಪಕ್ಕದಲ್ಲಿ ಒಂದು ಚಿಕ್ಕ ಹೊಸ ಪ್ರೋಗ್ರಾಮ್ ಇಡುವುದು. ಡಾಟ್‌ನೆಟ್‌ನಲ್ಲೋ ಹೊಸ ಡೆಲ್ಫಿಯಲ್ಲೋ ಬರೆದದ್ದು, 64 ಬಿಟ್‌ನದ್ದು, ಯುನಿಕೋಡ್ ಬಲ್ಲದ್ದು. ಅದು ಡೇಟಾಬೇಸನ್ನು ಓದುತ್ತದೆ, ಬರೆಯುವುದಿಲ್ಲ. ಎಐ ಕಾಂಪೊನೆಂಟ್ ಕೂರುವುದು ಅದರಲ್ಲಿ. ಏನಾದರೂ ಕೆಟ್ಟರೆ ಆ ಚಿಕ್ಕ ಕಿಟಕಿ ಮುಚ್ಚಿದರಾಯಿತು, ಪಟ್ಟಿ ತೆಗೆಯುವ ಕೆಲಸ ನಿಲ್ಲುವುದಿಲ್ಲ. ಉತ್ತರ ಬರುವವರೆಗೆ ಪರದೆ ಹೆಪ್ಪುಗಟ್ಟಿ ನಿಲ್ಲದಂತೆಯೂ ನೋಡಿಕೊಳ್ಳಬೇಕು. ಕೌಂಟರಿನಲ್ಲಿ ಕೂತವರು ನಾಲ್ಕು ಸೆಕೆಂಡ್ ಕಾಯುವುದಿಲ್ಲ, ಬಟನ್ ಮತ್ತೆ ಮತ್ತೆ ಒತ್ತುತ್ತಾರೆ. ಒತ್ತಿದಷ್ಟು ಸಲವೂ ಬಿಲ್ ಏರುತ್ತದೆ.

ಬಿಲ್ ಅಂದಾಗ ಕೀ ವಿಷಯ ಬರುತ್ತದೆ. ನೆಟ್ ಮೂಲಕ ಸಿಗುವ ಕ್ಲೌಡ್ ಸೇವೆಗೆ ಪಾಸ್‌ವರ್ಡ್‌ನಂಥ ಒಂದು ಗುಪ್ತ ಕೀ ಬೇಕು, ಅದನ್ನು ಬಳಸಿದಷ್ಟಕ್ಕೆ ಹಣ. ಕಾಂಪೊನೆಂಟ್‌ನ ಸೆಟ್ಟಿಂಗ್‌ನಲ್ಲಿ ಅದನ್ನು ತುಂಬಲು ಜಾಗ ಇರುತ್ತದೆ. ಅಲ್ಲಿ ತುಂಬಿ ಪ್ರೋಗ್ರಾಮ್ ಕಟ್ಟಿ ಹತ್ತು ಅಂಗಡಿಗೆ ಕೊಟ್ಟರೆ ಕೀ ಹತ್ತೂ ಕಡೆ ಹೋಯಿತು. ಪ್ರೋಗ್ರಾಮಿನ ಇಎಕ್ಸ್‌ಇ ಫೈಲಿನಿಂದ ಅದನ್ನು ಹೊರತೆಗೆಯಲು ದೊಡ್ಡ ವಿದ್ಯೆ ಬೇಡ. ವೆಬ್‌ಸೈಟ್ ಆದರೆ ಕೀ ನಮ್ಮ ಸರ್ವರಿನಲ್ಲೇ ಉಳಿಯುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಹಾಗಲ್ಲ. ಒಂದೋ ಪ್ರತಿ ಅಂಗಡಿಯೂ ತನ್ನದೇ ಕೀ ತೆಗೆದುಕೊಂಡು ಖರ್ಚಿಗೆ ಮಿತಿ ಹಾಕಬೇಕು, ಇಲ್ಲವೇ ಮಾಡಿಕೊಡುವವರು ನಡುವೆ ತಮ್ಮದೊಂದು ಸಣ್ಣ ಸರ್ವರ್ ಇಡಬೇಕು. ಕನ್ನಡಕ್ಕೆ ಖರ್ಚೂ ತುಸು ಜಾಸ್ತಿ ಎಂಬುದು ತಲೆಯಲ್ಲಿರಲಿ. "ಅಡಿಕೆ" ಎಂಬ ಪದ ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ 15 ಬೈಟ್ ತೆಗೆದುಕೊಳ್ಳುತ್ತದೆ, ಅಷ್ಟೇ ಉದ್ದದ ಇಂಗ್ಲಿಷ್ ಪದ 5 ಬೈಟ್. ಮಾಡೆಲ್‌ಗಳು ಬರಹವನ್ನು ತುಂಡು ಮಾಡಿ ಲೆಕ್ಕ ಹಾಕುವಾಗ ಕನ್ನಡ ಸಾಮಾನ್ಯವಾಗಿ ಹೆಚ್ಚು ತುಂಡಾಗುತ್ತದೆ.

ಹಾಗಾದರೆ ಮಾಡೆಲನ್ನು ನಮ್ಮ ಕಂಪ್ಯೂಟರಿನಲ್ಲೇ ಇಡಬಹುದಲ್ವಾ? ಇಡಬಹುದು. 2023ರ ಮಾರ್ಚ್‌ನಲ್ಲಿ ಗಿಯೋರ್ಗಿ ಗೆರ್ಗಾನೋವ್ ಶುರು ಮಾಡಿದ ಲಾಮಾ.ಸಿಪಿಪಿ ಯೋಜನೆಯಿಂದ ಇದು ಸಾಮಾನ್ಯ ಕಂಪ್ಯೂಟರಿನಲ್ಲೂ ಸಾಧ್ಯವಾಯಿತು. ಒಲಾಮಾ ಎಂಬ ಸಾಧನ ಇದನ್ನು ಇನ್ನಷ್ಟು ಸುಲಭ ಮಾಡಿತು. ಮೇಲೆ ಹೇಳಿದ ಡೆಲ್ಫಿ ಕಾಂಪೊನೆಂಟ್‌ಗಳು ಒಲಾಮಾ ಜೊತೆಗೂ ಮಾತಾಡುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್, ನೆಟ್ ಎರಡೂ ಹೋಗುವ ಸೀಮೆ ನಮ್ಮದು. ಯುಪಿಎಸ್ ಇದ್ದರೆ ಕಂಪ್ಯೂಟರ್ ಓಡುತ್ತದೆ, ನೆಟ್ ಮಾತ್ರ ಇರುವುದಿಲ್ಲ. ಆಗಲೂ ಕೆಲಸ ನಡೆಯಬೇಕೆಂದರೆ ಮಾಡೆಲ್ ಇಲ್ಲೇ ಇರಬೇಕು. ರೈತರ ಮಾಹಿತಿ ಅಂಗಡಿಯ ಗೋಡೆ ದಾಟುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಲಾಭ.

ಆದರೆ ಸುಮ್ನೆ ಆಸೆ ಹುಟ್ಟಿಸಬಾರದು. 700 ಕೋಟಿ ಪ್ಯಾರಾಮೀಟರ್‌ಗಳ (ಮಾಡೆಲ್ ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳ) ಮಾಡೆಲನ್ನು 4 ಬಿಟ್‌ಗೆ ಕುಗ್ಗಿಸಿದರೂ ಸುಮಾರು 4 ಜಿಬಿ ಮೆಮೊರಿ ಬೇಕು. 8 ಜಿಬಿಯ ಕಂಪ್ಯೂಟರಿನಲ್ಲಿ ವಿಂಡೋಸ್, ಕ್ರೋಮ್, ಬಿಲ್ಲಿಂಗ್ ಎಲ್ಲ ತೆರೆದಿಟ್ಟು ಅದನ್ನೂ ಓಡಿಸಿದರೆ ಏದುಸಿರು ಬಿಡುತ್ತದೆ. ಅಷ್ಟು ಚಿಕ್ಕ ಮಾಡೆಲ್‌ಗಳ ಕನ್ನಡವೂ ಅಷ್ಟಕ್ಕಷ್ಟೇ. ಪತ್ರ ಬರೆಸಲು ಹೋದರೆ ತಿದ್ದುವುದರಲ್ಲೇ ಸಮಯ ಹೋಗುತ್ತದೆ. ಅವು ಸಲೀಸಾಗಿ ಮಾಡುವುದು ಹುಡುಕುವ, ವಿಂಗಡಿಸುವ ಕೆಲಸ. ಅಚ್ಚಾದ ಕಾಗದ ಓದಿಸಬೇಕಿದ್ದರೆ ಭಾಷಾ ಮಾಡೆಲ್ಲೇ ಬೇಡ. ಟೆಸೆರಾಕ್ಟ್ ಎಂಬ ಮುಕ್ತ ಸಾಫ್ಟ್‌ವೇರ್ ಕನ್ನಡವನ್ನೂ ಓದುತ್ತದೆ, ನೆಟ್ ಬೇಡ, ಹಣ ಬೇಡ. ಕೈಬರಹಕ್ಕೆ ಅದು ಆಗಿಬರುವುದಿಲ್ಲ.

ಯಾವ ಕೆಲಸಕ್ಕೆ ಎಐ ಬಳಸಬೇಕು ಎಂಬಲ್ಲಿ ನನ್ನ ನಿಲುವು ಖಚಿತ: ಮಾಹಿತಿ ಒಳಗೆ ತುಂಬುವ ಕಡೆ ಸಹಾಯಕ್ಕೆ ಇರಲಿ, ಖಾತೆಯ ಕಡೆ ಬೇಡ. ರೈತರೊಬ್ಬರು ವಾಟ್ಸಾಪಿನಲ್ಲಿ "ನಾಳೆ ಚಾಲಿ 6 ಚೀಲ, ಬೆಟ್ಟೆ 2 ಚೀಲ ಕಳಿಸ್ತಾ ಇದ್ದೇನೆ" ಎಂದು ಬರೆಯುತ್ತಾರೆ. ಗುಮಾಸ್ತರು ಅದನ್ನು ಓದಿ ನಾಲ್ಕು ಖಾನೆ ತುಂಬಬೇಕು. ಮೆಸೇಜನ್ನು ಅಂಟಿಸಿದರೆ ಖಾನೆಗಳು ತಾವಾಗಿ ತುಂಬಿಕೊಂಡು, ಗುಮಾಸ್ತರು ನೋಡಿ ಎಂಟರ್ ಒತ್ತುವುದಾದರೆ ಅದು ಒಳ್ಳೆಯ ಎಐ. ತಪ್ಪಿದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ, ಅಲ್ಲೇ ತಿದ್ದಬಹುದು.

ಅದೇ ಮೆಸೇಜಿನಲ್ಲಿ ಕೆಳಗೆ "ಗಣಪತಿ ಹೆಗಡೆ" ಎಂದಿದೆ ಅನ್ನಿ. ನಮ್ಮ ಸೀಮೆಯ ಯಾವ ಸಂಘದ ಪಟ್ಟಿ ತೆಗೆದರೂ ಈ ಹೆಸರಿನವರು ಒಬ್ಬರೇ ಇರುವುದಿಲ್ಲ, ನಾಲ್ವರಿದ್ದಾರೆ ಅನ್ನಿ. ಒಬ್ಬರದು ತಂದೆಯ ಹೆಸರು ಬೇರೆ, ಒಬ್ಬರದು ಊರು ಬೇರೆ, ಒಬ್ಬರನ್ನು "ಜಿ. ಆರ್. ಹೆಗ್ಡೆ" ಎಂದು ಬರೆದಿರುತ್ತಾರೆ. ಬೇರೆ ಬೇರೆ ಥರ ಬರೆದ ಹೆಸರುಗಳನ್ನು ಹತ್ತಿರ ತಂದು ತೋರಿಸುವುದು ಎಐ ಬಲ್ಲ ಕೆಲಸವೇ. ಆದರೆ ನಾಲ್ವರಲ್ಲಿ ಒಬ್ಬರನ್ನು ತಾನೇ ಆರಿಸಿ ಖಾತೆಗೆ ಹಾಕಿಬಿಟ್ಟರೆ ಒಬ್ಬರ ಅಡಿಕೆ ಹಣ ಇನ್ನೊಬ್ಬರಿಗೆ ಜಮಾ ಆಗುತ್ತದೆ. ಅದು ಗೊತ್ತಾಗುವುದು ಪಾಸ್‌ಬುಕ್ ಹಿಡಿದು ಜಗಳಕ್ಕೆ ಬಂದಾಗ. ನಾಲ್ಕೂ ಹೆಸರನ್ನು ಊರು, ತಂದೆಯ ಹೆಸರಿನ ಸಮೇತ ತೋರಿಸಿ ಆರಿಸುವ ಕೆಲಸ ಮನುಷ್ಯರಿಗೇ ಬಿಡಬೇಕು. ಇಲ್ಲಿ ಒಂದು ಕ್ಲಿಕ್ ಉಳಿಸಲು ಹೋಗಬಾರದು.

ಇನ್ನು ಎಲ್ಲರಿಗೂ ಬೇಕಾಗಿರುವುದು ಕೇಳಿದರೆ ಉತ್ತರ ಕೊಡುವ ಸಾಫ್ಟ್‌ವೇರ್. "ಕಳೆದ ವರ್ಷ ಈ ತಿಂಗಳಲ್ಲಿ ಚಾಲಿ ಎಷ್ಟು ಬಂದಿತ್ತು?" ಎಂದು ಟೈಪ್ ಮಾಡಿದರೆ ಸಂಖ್ಯೆ ಬರಬೇಕು. ಇದನ್ನು ಮಾಡಲು ಎರಡು ದಾರಿ. ಡೇಟಾವನ್ನೆಲ್ಲ ಮಾಡೆಲ್‌ಗೆ ಕಳಿಸಿ ಕೂಡಿಸು ಎನ್ನುವುದು ಒಂದು. ಅದು ತಪ್ಪು ದಾರಿ. ಭಾಷಾ ಮಾಡೆಲ್ ಕೂಡುವ ಯಂತ್ರ ಅಲ್ಲ, ಜೊತೆಗೆ ಎಲ್ಲರ ಲೆಕ್ಕವೂ ಹೊರಗೆ ಹೋಯಿತು. ಇನ್ನೊಂದು, ಓಪನ್‌ಎಐ 2023ರ ಜೂನ್‌ನಲ್ಲಿ ಫಂಕ್ಷನ್ ಕಾಲಿಂಗ್ ಎಂಬ ಹೆಸರಲ್ಲಿ ತಂದು ಈಗ ಎಲ್ಲ ಕಡೆ ಇರುವ ದಾರಿ. ನಿಮ್ಮ ಪ್ರೋಗ್ರಾಮ್ ಮಾಡಬಲ್ಲ ಕೆಲಸಗಳ ಪಟ್ಟಿಯನ್ನು ಮಾಡೆಲ್‌ಗೆ ಮೊದಲೇ ಹೇಳಿರುತ್ತೀರಿ: ತರಗತಿ ಮತ್ತು ತಾರೀಖು ಕೊಟ್ಟರೆ ಆವಕ ಹೇಳುತ್ತೇನೆ, ಸದಸ್ಯ ಸಂಖ್ಯೆ ಕೊಟ್ಟರೆ ಬಾಕಿ ಹೇಳುತ್ತೇನೆ ಎಂದು. ಪ್ರಶ್ನೆ ಓದಿದ ಮಾಡೆಲ್ "ಆವಕ ಲೆಕ್ಕ ಬೇಕು, ತರಗತಿ ಚಾಲಿ, ತಾರೀಖು ಇಲ್ಲಿಂದ ಇಲ್ಲಿಗೆ" ಎಂದಷ್ಟೇ ಹೇಳುತ್ತದೆ. ಕೂಡುವುದು ನಿಮ್ಮ ಹಳೆಯ, ನಂಬಿಕೆಯ ಡೇಟಾಬೇಸ್. ಉತ್ತರದ ಪಕ್ಕದಲ್ಲೇ ಯಾವ ತಾರೀಖು, ಯಾವ ತರಗತಿ ಹಿಡಿದು ಲೆಕ್ಕ ಹಾಕಿದೆ ಎಂದು ತೋರಿಸಿದರೆ ನೋಡಿದವರಿಗೆ ತಾಳೆ ಹಾಕಲು ಬರುತ್ತದೆ. ಬಹುತೇಕ ಕಾಂಪೊನೆಂಟ್‌ಗಳಲ್ಲಿ ಈ ಸೌಲಭ್ಯ ಇದೆ. ಇಲ್ಲದ್ದನ್ನು ಕೊಳ್ಳಲೇಬೇಡಿ.

ಕಾನೂನಿನ ಮಾತನ್ನೂ ಹೇಳಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಗಡುವು ಇದೆ. ಮಾಹಿತಿಗೆ ತಕ್ಕ ರಕ್ಷಣೆ ಕೊಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಹೆಸರು, ಫೋನ್, ಬ್ಯಾಂಕ್ ಖಾತೆ, ಆಧಾರ್, ಸರ್ವೆ ನಂಬರ್ ಎಲ್ಲ ನಮ್ಮ ಡೇಟಾಬೇಸುಗಳಲ್ಲಿವೆ. ಈ ಮಾಹಿತಿ ಯಾಕೆ, ಹೇಗೆ ಬಳಕೆಯಾಗಬೇಕು ಎಂದು ತೀರ್ಮಾನಿಸುವ ಸಂಘ ಅಥವಾ ಅಂಗಡಿಯ ಮೇಲೇ ಕಾಯ್ದೆ ಹೊಣೆ ಹೊರಿಸುತ್ತದೆ. ಕಾಂಪೊನೆಂಟ್ ಮಾರಿದ ಕಂಪನಿಯ ಮೇಲಲ್ಲ. ಪ್ರೋಗ್ರಾಮ್ ಬರೆಯುವವರು ಯಜಮಾನರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಯಾವ ಖಾನೆ ಹೊರಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ಬರೆದು ಕೊಡಬೇಕು.

ಅಡಿಕೆಯ ಫೋಟೋ ತೆಗೆದರೆ ತರಗತಿ ಹೇಳುವ ಎಐ ಬೇಕು ಎಂದು ಕೇಳುವವರೂ ಇದ್ದಾರೆ. ಫೋಟೋ ಗುರುತಿಸುವ ರೆಡಿಮೇಡ್ ಕಾಂಪೊನೆಂಟ್‌ಗಳು ಸಿಗುತ್ತವೆ. ಅವು ನೋಡಿ "ಅಡಿಕೆ" ಎಂದು ಹೇಳಬಹುದು, ಆದರೆ ನಮಗೆ ಬೇಕಾದದ್ದು ಅದಲ್ಲ. ಹಸಿ ಅಡಿಕೆ ಸುಲಿದು ಬೇಯಿಸಿದ ರಾಶಿ ಬೇರೆ, ಹಣ್ಣಡಿಕೆ ಒಣಗಿಸಿ ಸುಲಿದ ಚಾಲಿ ಬೇರೆ. ಒಂದೇ ತರಗತಿಯೊಳಗೂ ದರ ಏರಿಳಿಯುವುದು ಒಳಗಿನ ಬಣ್ಣ, ಗಟ್ಟಿತನ ನೋಡಿ. ಟೆಂಡರ್ ಹಾಕುವವರು ಒಡೆದು ನೋಡುವುದು ಅದಕ್ಕೇ. ಮಾತಿನ ವಿಷಯವೂ ಹಾಗೇ. ಓಪನ್‌ಎಐ 2022ರಲ್ಲಿ ಬಿಟ್ಟ, ಮಾತನ್ನು ಬರಹಕ್ಕೆ ಇಳಿಸುವ ವಿಸ್ಪರ್ ಎಂಬ ಮುಕ್ತ ಮಾಡೆಲ್ 6,80,000 ಗಂಟೆಗಳ ಧ್ವನಿಯಿಂದ ಕಲಿತದ್ದು. ಅದರಲ್ಲಿ ಬಹುಪಾಲು ಇಂಗ್ಲಿಷ್, ಕನ್ನಡದ ಪಾಲು ತೀರಾ ಸಣ್ಣದು. ಕೊಂಕಣಿ ಅದರ ಭಾಷೆಗಳ ಪಟ್ಟಿಯಲ್ಲೇ ಇಲ್ಲ. ಘಟ್ಟದ ಮೇಲಿನ ಹವ್ಯಕ ಮಾತು, ಕಾರವಾರದ ಕೊಂಕಣಿ ಅದಕ್ಕೆ ಹೇಗೆ ಅರ್ಥವಾಗಬೇಕು? ಚೆನ್ನೈನ ಐಐಟಿಯ ಎಐ4ಭಾರತ್ ತಂಡ ಭಾರತೀಯ ಭಾಷೆಗಳಿಗೆಂದೇ ಮಾಡಿದ ಮಾಡೆಲ್‌ಗಳು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರಬಹುದು, ಅವು ಮುಕ್ತವಾಗಿ ಸಿಗುತ್ತವೆ ಕೂಡ.

ಹೊರಗಿನಿಂದ ಕೊಂಡು ತರಲು ಬಾರದ್ದು ಈ ಎರಡೇ: ನಮ್ಮ ತರಗತಿಗಳ ಫೋಟೋ, ನಮ್ಮ ಮಾತಿನ ಧ್ವನಿ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. ಟೆಂಡರ್ ಕೋಣೆಗಳಲ್ಲಿ ದಿನವೂ ಅನುಭವಿಗಳು ತರಗತಿ ಹೇಳಿ ದರ ಬರೆಯುತ್ತಾರೆ. ಆ ಹೊತ್ತಿಗೆ ಒಡೆದ ಅಡಿಕೆಯ ಒಂದು ಫೋಟೋ ತೆಗೆದು, ಪಕ್ಕದಲ್ಲಿ ತರಗತಿ ಮತ್ತು ಸಿಕ್ಕ ದರ ಬರೆದಿಡುವುದು ದೊಡ್ಡ ಖರ್ಚಿನ ಕೆಲಸ ಅಲ್ಲ. ರೈತರ ಹೆಸರು ಅದರಲ್ಲಿ ಬೇಕಾಗಿಲ್ಲ. ಇದನ್ನು ಒಂದು ಅಂಗಡಿ ಮಾಡಿದರೆ ಸಾಲದು, ಸಹಕಾರ ಸಂಘಗಳು ಸೇರಿ ಮಾಡಬೇಕು. ಮಾಡಿದ್ದನ್ನು ಯಾವ ಕಂಪನಿಗೂ ಬರೆದುಕೊಡದೆ ತಮ್ಮ ಹತ್ತಿರವೇ ಇಟ್ಟುಕೊಳ್ಳಬೇಕು. ಈ ಸುಗ್ಗಿಯ ಅಡಿಕೆ ಪೇಟೆಗೆ ಬರುವ ಮೊದಲೇ ಶುರು ಮಾಡಿದರೆ ಒಂದು ಪೂರ್ತಿ ಹಂಗಾಮಿನ ಫೋಟೋಗಳು ಕೈಗೆ ಸಿಗುತ್ತವೆ.